ಉತ್ತರಕ್ಕೆ ತೆರೆ ಹಾಕುವ ಬಗೆ

ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಒಂದು ಸಂಜೆ ನಾವು ಮಾಡಿದ ತಪ್ಪಿನಿಂದಲೇ ಈ ಲೇಖನವನ್ನು ಆರಂಭಿಸುವುದು ಉಚಿತ. ರಜೆಯಲ್ಲಿ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ವಿದ್ಯುತ್ತು ಹೋಗಿತ್ತು. ಜಗಲಿಯಲ್ಲಿ ಕುಳಿತ ಆ ಮನೆಯ ಹಿರಿಯಜ್ಜಿಯವರು ಒಂಬತ್ತು ವರ್ಷದ ಮೊಮ್ಮಗಳಿಗೆ ಒಗಟು ಹಾಕುತ್ತಿದ್ದರು. ಮೂರು ಕಣ್ಣುಗಳನ್ನು ಪಡೆದು, ಹೊಟ್ಟೆಯ ತುಂಬ ನೀರು ಹೊತ್ತು, ಜುಟ್ಟು ಬಿಟ್ಟು ಎತ್ತರದಲ್ಲಿ ಕುಳಿತಿರುವವನು ಯಾರು ಎಂಬುದು ಪ್ರಶ್ನೆ. ಬಾಲಕಿ ಕಣ್ಣು ಮುಚ್ಚಿ ಯೋಚಿಸುತ್ತಿದ್ದಳು. ‘ಸೋತೆ ಅಂತ ಹೇಳು, ಹೇಳ್ತೀನಿ’ ಎಂದು ಅಜ್ಜಿ ಎರಡು ಬಾರಿ ಕೇಳಿದರೂ ಆಕೆ ಒಪ್ಪಲಿಲ್ಲ. ಅಷ್ಟರಲ್ಲಿ ನಾವು, ಉಪನ್ಯಾಸ ಕೊಡುವ ಅಭ್ಯಾಸಬಲದಿಂದಲೇ ಇರಬೇಕು, ‘ತೆಂಗಿನಕಾಯಿ ಅಲ್ಲವೆ?’ ಎಂದುಬಿಟ್ಟೆವು. ಬಾಲಕಿಯ ಮುಖ ಬಾಡಿತು. ‘ಮೇಷ್ಟ್ರೇ, ಒಗಟು ಹಾಕಿದ್ದು ಮಗೂಗೆ, ನಿಮಗಲ್ಲ’ ಎಂದರು ಅಜ್ಜಿ.

ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ ಎಂದು ಆಮೇಲೆ ನಮಗೆ ತೋರಿತು. ಒಗಟಿನ ಉತ್ತರ ರಹಸ್ಯವೇನೂ ಅಲ್ಲ. ಅಜ್ಜಿ ಅದನ್ನು ಯಾರಿಂದಲೂ ಬಚ್ಚಿಡಬಯಸಿರಲಿಲ್ಲ. ಬಾಲಕಿ ಕೇಳಿದ ಕೂಡಲೇ ಹೇಳಲು ಸಿದ್ಧರಾಗಿದ್ದರು. ಆದರೆ ಯಾವಾಗ ಕೇಳಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರ ಬಾಲಕಿಯದು. ಅದನ್ನು ನಾವು ಕಸಿದುಕೊಂಡೆವು. ಕಥೆಯ ಕೊನೆಯನ್ನೋ ಲೆಕ್ಕದ ಉತ್ತರವನ್ನೋ ಹೀಗೆ ಅಕಾಲದಲ್ಲಿ ಹೊರಗೆಡಹುವುದನ್ನು ಇಂದಿನ ತರುಣರು ‘ಸ್ಪಾಯ್ಲರ್’ ಎಂಬ ಇಂಗ್ಲಿಷ್ ಶಬ್ದದಿಂದ ಕರೆಯುತ್ತಾರೆ. ಬರವಣಿಗೆಯಲ್ಲಿ ಇಂಥ ಸಂಗತಿಗಳನ್ನು ಓದುಗನ ಕಣ್ಣಿನಿಂದ ತಾತ್ಕಾಲಿಕವಾಗಿ ಮರೆಮಾಡುವುದು ಹೇಗೆ, ಹಾಗೆ ಮರೆಮಾಡುವಾಗ ಪಾಲಿಸಬೇಕಾದ ಮರ್ಯಾದೆಗಳಾವುವು ಎಂಬುದನ್ನು ಈಗ ವಿಚಾರಿಸೋಣ.

ಮೊದಲಿಗೆ ಎರಡು ಬಗೆಯ ಮರೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಒಂದು ಬೀಗ, ಮತ್ತೊಂದು ತೆರೆ. ಸೇನಾಧಿಪತಿ ಕಳಿಸುವ ಸಂದೇಶಕ್ಕೆ ಬೀಗ ಬೇಕು. ಬೀಗದ ಕೈ ಶತ್ರುವಿಗೆ ದೊರೆಯಬಾರದು. ನಾಟಕದ ರಂಗಸ್ಥಳಕ್ಕೆ ಬೇಕಾದುದು ತೆರೆ. ತೆರೆಯನ್ನು ಯಾರು ಬೇಕಾದರೂ ಸರಿಸಬಲ್ಲರು, ಆದರೆ ಸರಿಸದೆ ಒಳಗಿರುವುದು ಕಾಣದು. ಒಗಟಿನ ಉತ್ತರಕ್ಕೆ ತೆರೆಯೇ ತಕ್ಕುದು. ಈ ಎರಡರ ಭೇದವನ್ನು ಮರೆತಾಗಲೆಲ್ಲ ಫಜೀತಿಯಾಗಿದೆ.

ಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದು ಬಂದಿರುವ ತೆರೆಯೆಂದರೆ ಉತ್ತರವನ್ನು ತಲೆಕೆಳಗಾಗಿ ಅಚ್ಚುಮಾಡುವುದು. ಪುಟವನ್ನು ತಿರುಗಿಸುವ ಶ್ರಮವನ್ನು ಓದುಗ ತಾನಾಗಿಯೇ ಕೈಗೊಳ್ಳಬೇಕು, ಆದ್ದರಿಂದ ‘ಸೋತೆ’ ಎಂದು ಹೇಳಿದಂತೆಯೇ ಆಯಿತು. ಆದರೆ ಈ ತೆರೆ ಬಲು ತೆಳು. ಉತ್ತರ ಒಂದೇ ಪದವಾಗಿದ್ದರೆ ಅದು ಕಣ್ಣಿನ ಅಂಚಿಗೆ ಬಿದ್ದುಬಿಡುತ್ತದೆ. ಅಂಕಿಗಳಲ್ಲಿ ಉತ್ತರ 69 ಎಂದಿದ್ದರಂತೂ ಗತಿಯೇ ಇಲ್ಲ. ತಲೆಕೆಳಗು ಮಾಡಿದರೂ ಅದು 69ಯೇ. ಗಣಿತ ಪುಸ್ತಕಗಳು ಉತ್ತರಗಳನ್ನೆಲ್ಲ ಕಡೆಯ ಪುಟಗಳಲ್ಲಿ ಒಟ್ಟುಗೂಡಿಸುತ್ತವೆ. ಅಲ್ಲಿಯೂ ಒಂದು ಕೊರತೆ ಇದೆ. ಐದನೆಯ ಲೆಕ್ಕದ ಉತ್ತರವನ್ನು ನೋಡಹೋದವನಿಗೆ ಆರನೆಯದೂ ಕಾಣುತ್ತದೆ.

ಮಕ್ಕಳ ಪುಸ್ತಕಗಳಲ್ಲಿ ಕೆಲವು ವೇಳೆ ಕಾಣುವ ಕೆಂಪು ತೆರೆಯ ಉಪಾಯವು ಭೌತವಿಜ್ಞಾನದ ವಿದ್ಯಾರ್ಥಿಗೆ ಹೆಚ್ಚು ರುಚಿಸೀತು. ಉತ್ತರವನ್ನು ತಿಳಿನೀಲಿ ಶಾಯಿಯಲ್ಲಿ ಬರೆದು, ಅದರ ಮೇಲೆ ಕೆಂಪು ಶಾಯಿಯ ಗೀಚುಗಳನ್ನು ದಟ್ಟವಾಗಿ ಎಳೆದಿರುತ್ತಾರೆ. ಬರಿಗಣ್ಣಿಗೆ ಗೀಚೇ ಕಾಣುತ್ತದೆ. ಕೆಂಪು ಜಿಲೇಟಿನ್ ಕಾಗದವನ್ನು ಕಣ್ಣಿಗೆ ಹಿಡಿದು ನೋಡಿದರೆ ಗೀಚು ಮಾಯವಾಗಿ ಅಕ್ಷರಗಳು ಕಪ್ಪಾಗಿ ಎದ್ದು ನಿಲ್ಲುತ್ತವೆ. ಕಾರಣ ಸರಳ. ಬಿಳಿಯ ಕಾಗದ ಎಲ್ಲ ಬಣ್ಣಗಳನ್ನೂ ಪ್ರತಿಫಲಿಸುತ್ತದೆಯಷ್ಟೆ. ಜಿಲೇಟಿನ್ ಕಾಗದ ಅವುಗಳಲ್ಲಿ ಕೆಂಪನ್ನು ಮಾತ್ರ ಒಳಗೆ ಬಿಡುವುದರಿಂದ ಬಿಳಿಯ ಭಾಗ ಕೆಂಪಾಗಿ ಕಾಣುತ್ತದೆ. ಕೆಂಪು ಗೀಚುಗಳೂ ಕೆಂಪಾಗಿಯೇ ಕಾಣುತ್ತವೆ. ಎರಡಕ್ಕೂ ಭೇದವಿಲ್ಲದೆ ಗೀಚು ಕಾಗದದಲ್ಲಿ ಕರಗಿಹೋಗುತ್ತದೆ. ತಿಳಿನೀಲಿ ಶಾಯಿಯಾದರೋ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅಲ್ಲಿಂದ ಕಣ್ಣಿಗೆ ಬರುವ ಬೆಳಕೇ ಅತ್ಯಲ್ಪ. ಆದ್ದರಿಂದ ಅಕ್ಷರ ಕಪ್ಪು. ಎರಡು ಬಣ್ಣದ ಬರೆಯುವ ಕೋಲುಗಳಿಂದ ವಾಚಕರು ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಬಣ್ಣಗಳ ಆಯ್ಕೆಯಲ್ಲಿ ಒಂದೆರಡು ಪ್ರಯತ್ನಗಳು ವ್ಯರ್ಥವಾದಾವು.

ಗಣಕಯಂತ್ರದಲ್ಲಿ ಪ್ರಶ್ನೆಗಳನ್ನು ಸಿದ್ಧಪಡಿಸುವವರು ಇದಕ್ಕಿಂತ ಸುಲಭವಾದ ದಾರಿಯೊಂದನ್ನು ಹಿಡಿಯುವುದುಂಟು. ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಉತ್ತರ ಬರೆದಿಡುತ್ತಾರೆ. ಓದುಗ ಆ ಭಾಗವನ್ನು ಗುರುತುಮಾಡಿದಾಗ ಅದು ಕಾಣುತ್ತದೆ. ನಾವೂ ಕೆಲಕಾಲ ಇದನ್ನು ಬಳಸಿ ಹೆಮ್ಮೆಪಟ್ಟೆವು. ನಮ್ಮ ತರಗತಿಯಲ್ಲಿ ದೃಷ್ಟಿಹೀನ ವಿದ್ಯಾರ್ಥಿಯೊಬ್ಬನಿದ್ದ. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅವನು ಪಾಠ ಓದುತ್ತಿದ್ದನು. ಆ ತಂತ್ರಾಂಶಕ್ಕೆ ಅಕ್ಷರದ ಬಣ್ಣದಿಂದೇನು? ಪ್ರಶ್ನೆ ಓದಿ ಮುಗಿಸಿದೊಡನೆಯೇ ಅದು ಉತ್ತರವನ್ನೂ ಓದಿಬಿಡುತ್ತಿತ್ತು. ಮೂರು ವಾರಗಳ ಬಳಿಕ ಅವನು ಸಂಕೋಚದಿಂದ, ‘ಸಾರ್, ನನಗೂ ಸ್ವಲ್ಪ ಯೋಚಿಸುವುದಕ್ಕೆ ಬಿಡಿ’ ಎಂದ. ಕಣ್ಣಿದ್ದವರಿಗೆ ಮಾತ್ರ ತೆರೆಯಾಗುವಂಥದು ಒಳ್ಳೆಯ ತೆರೆಯಲ್ಲವೆಂದು ಅಂದು ಕಲಿತೆವು. ಇದಕ್ಕಿಂತ ಉತ್ತರವನ್ನು ಬೇರೊಂದು ಹಾಳೆಯಲ್ಲಿರಿಸುವುದು ಮೇಲು.

ಇನ್ನು ಕಪ್ಪು ಬಳಿಯುವುದು. ಇದು ತೆರೆಯನ್ನು ಬೀಗವೆಂದು ಭ್ರಮಿಸುವುದಕ್ಕೆ ಉತ್ತಮ ನಿದರ್ಶನ. ಅಂಕಪಟ್ಟಿಯನ್ನೋ ಗುರುತಿನ ಚೀಟಿಯನ್ನೋ ಮೊಬೈಲಿನಲ್ಲಿ ಚಿತ್ರ ತೆಗೆದು, ಸಂಖ್ಯೆಯ ಮೇಲೆ ಬೆರಳಿನಿಂದ ಕಪ್ಪು ಗೆರೆ ಎಳೆದು ಗೆಳೆಯರಿಗೆ ಕಳಿಸುವ ವಿದ್ಯಾರ್ಥಿಗಳನ್ನು ನೋಡಿದ್ದೇವೆ. ಆ ಕುಂಚಗಳಲ್ಲಿ ಕೆಲವು ಪೂರ್ಣ ಅಪಾರದರ್ಶಕವಲ್ಲ. ಕೆಳಗಿನ ಬೆಳಕಿನ ಒಂದು ಅಲ್ಪಾಂಶವನ್ನು ಉಳಿಸುತ್ತವೆ. ಚಿತ್ರದ ಪ್ರಕಾಶವನ್ನು ಹೆಚ್ಚಿಸಿದರೆ ಸಂಖ್ಯೆ ಮೆಲ್ಲನೆ ಮೂಡುತ್ತದೆ. ಗಣಕದ ಪಿಡಿಎಫ್ ಕಡತದಲ್ಲಿ ಪದದ ಮೇಲೆ ಕಪ್ಪು ಪಟ್ಟಿ ಇಟ್ಟರಂತೂ ಪದ ಅಲ್ಲಿಯೇ ಇರುತ್ತದೆ. ಪಟ್ಟಿಯ ಕೆಳಗಿನಿಂದ ಅದನ್ನು ನಕಲು ಮಾಡಿಕೊಳ್ಳಬಹುದು. ಗುಟ್ಟಾಗಿರಬೇಕಾದುದನ್ನು ಮುಚ್ಚಬಾರದು, ಅಳಿಸಬೇಕು.

ವಿಜ್ಞಾನದ ಚರಿತ್ರೆಯಲ್ಲಿಯೂ ಉತ್ತರಗಳನ್ನು ಮರೆಮಾಡಿದ ಪ್ರಸಂಗಗಳುಂಟು. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಶನಿಗ್ರಹದ ಕಡೆಗೆ ತಿರುಗಿಸಿದ. ಅದರ ಎರಡು ಪಕ್ಕಗಳಲ್ಲಿಯೂ ಏನೋ ಅಂಟಿಕೊಂಡಂತೆ ತೋರಿತು. ಇನ್ನೂ ಪರೀಕ್ಷಿಸಬೇಕು, ಆದರೆ ಅಷ್ಟರಲ್ಲಿ ಬೇರೆಯವರು ಕಂಡು ಪ್ರಕಟಿಸಿದರೆ ಕೀರ್ತಿ ಅವರ ಪಾಲಾಗುತ್ತದೆ. ಆದಕಾರಣ ಅವನು ಲ್ಯಾಟಿನ್ ವಾಕ್ಯವೊಂದರ 37 ಅಕ್ಷರಗಳನ್ನು ಕಲಸಿ, ಅರ್ಥವಿಲ್ಲದ ಸರಮಾಲೆಯೊಂದನ್ನು ಪ್ರಾಗ್ ನಗರಕ್ಕೆ ಕಳಿಸಿದ. ಅಲ್ಲಿದ್ದ ಕೆಪ್ಲರನು ಸುಮ್ಮನಿರುವ ಸ್ವಭಾವದವನಲ್ಲ. ಅಕ್ಷರಗಳನ್ನು ಕೂಡಿಸಿ ಕಳೆದು, ಮಂಗಳನಿಗೆ ಅವಳಿ ಮಕ್ಕಳಿದ್ದಾರೆ ಎಂಬ ಅರ್ಥ ಬರುವ ಒರಟು ಲ್ಯಾಟಿನ್ ಸಾಲೊಂದನ್ನು ಹೊಸೆದು, ಮಂಗಳನಿಗೆ ಎರಡು ಚಂದ್ರರಿದ್ದಾರೆಂದು ನಂಬಿದ. ನವೆಂಬರಿನಲ್ಲಿ ಗೆಲಿಲಿಯೋ ನಿಜವಾದ ವಾಕ್ಯವನ್ನು ಬಿಡಿಸಿ ಬರೆದನು: ಅತ್ಯುನ್ನತವಾದ ಗ್ರಹವು ಮೂರು ಅಂಗಗಳುಳ್ಳದ್ದಾಗಿ ತನಗೆ ಕಂಡಿತು ಎಂಬುದೇ ಅದರ ತಾತ್ಪರ್ಯ. ವಿನೋದವೆಂದರೆ ಇಬ್ಬರ ವಿಚಾರದಲ್ಲಿಯೂ ವಿಧಿ ಬೇರೆಯಾಗಿತ್ತು. ಶನಿಗೆ ಇದ್ದುದು ಪಕ್ಕದ ಗೋಳಗಳಲ್ಲ, ಉಂಗುರ. ಹೈಗೆನ್ಸ್ ಇದನ್ನು 1656ರಲ್ಲಿ ಮತ್ತೆ ಕಲಸಿದ ಅಕ್ಷರಗಳಲ್ಲಿಯೇ ಅಡಗಿಸಿ, 1659ರಲ್ಲಿ ಬಿಡಿಸಿ ಹೇಳಿದ. ಮಂಗಳನಿಗಾದರೋ ನಿಜವಾಗಿಯೂ ಎರಡು ಚಂದ್ರರಿದ್ದುದು 1877ರಲ್ಲಿ ಅಸಾಫ್ ಹಾಲನಿಂದ ಗೊತ್ತಾಯಿತು! ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಹುಕ್ಕನ ನಿಯಮವೂ ಹೀಗೆಯೇ ಹುಟ್ಟಿದುದು. 1676ರಲ್ಲಿ ಹುಕ್ ಅದನ್ನು ಅಕಾರಾದಿಯಾಗಿ ಜೋಡಿಸಿದ 14 ಅಕ್ಷರಗಳಾಗಿ ಪ್ರಕಟಿಸಿ, ಎರಡು ವರ್ಷಗಳ ಮೇಲೆ ‘ಹಿಗ್ಗಿದಂತೆ ಬಲ’ ಎಂಬ ಅರ್ಥವನ್ನು ಹೊರಗೆಡಹಿದ.

ಇವು ತೆರೆಗಳಲ್ಲ. ಅಕ್ಷರಗಳನ್ನು ಕಲಸಿದರೆ ಅವುಗಳಿಂದ ಎಷ್ಟೋ ವಾಕ್ಯಗಳನ್ನು ಕಟ್ಟಬಹುದು. ಯಾವುದು ನಿಜವೆಂದು ಬರೆದವನೇ ಹೇಳಬೇಕು. ಸಹೃದಯನಾದ ಕೆಪ್ಲರನನ್ನು ತಿಂಗಳುಗಟ್ಟಲೆ ಹೀಗೆ ಅಲೆಸಿದ್ದು ನ್ಯಾಯವೆಂದು ನಮಗೆ ತೋರುವುದಿಲ್ಲ. ಓದುವ ದಾರಿಯೂ ಬರಹದ ಜೊತೆಯಲ್ಲಿಯೇ ಇರಬೇಕೆಂಬುದಕ್ಕೆ ಕನ್ನಡದ ‘ಸಿರಿಭೂವಲಯ’ವೂ ಸಾಕ್ಷಿ. ಕುಮುದೇಂದು ಮುನಿಯ ಹೆಸರಿನಲ್ಲಿರುವ ಈ ಗ್ರಂಥ ಅಕ್ಷರಗಳಲ್ಲಿಲ್ಲ. 1ರಿಂದ 64ರವರೆಗಿನ ಅಂಕಿಗಳಲ್ಲಿದೆ. 27 ಅಡ್ಡಸಾಲು, 27 ಕಂಬಸಾಲುಗಳ 729 ಮನೆಗಳ ಚಕ್ರದಲ್ಲಿ ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬುದು ತಿಳಿದರೆ ಮಾತ್ರ ಪದ್ಯ ಮೂಡುತ್ತದೆ. 1953ರಲ್ಲಿ ಅದರ ಮೊದಲ ಭಾಗ ಅಚ್ಚಾದರೂ, ಅದರ ಕಾಲದ ಬಗೆಗೂ ಓದುವ ಕ್ರಮದ ಬಗೆಗೂ ವಿದ್ವಾಂಸರ ಚರ್ಚೆ ನಿಂತಿಲ್ಲ.

ಹಾಗಾದರೆ ಬರಹದಲ್ಲಿ ಒಳ್ಳೆಯ ತೆರೆ ಯಾವುದು? ಅದನ್ನು ಹಾಕುವುದೂ ತೆಗೆಯುವುದೂ ಒಂದೇ ಕ್ರಿಯೆಯಾಗಿದ್ದರೆ ಬಹಳ ಅನುಕೂಲ. ಕನ್ನಡಿಯಲ್ಲಿ ತಿರುವುಮುರುವಾದ ಬರಹವನ್ನು ಮತ್ತೊಂದು ಕನ್ನಡಿಯಲ್ಲಿ ನೋಡಿದರೆ ನೇರವಾಗುತ್ತದಲ್ಲವೆ? ಅಕ್ಷರಗಳಲ್ಲಿಯೂ ಅಂಥ ಕನ್ನಡಿಯನ್ನು ಮಾಡಬಹುದು. ಇಂಗ್ಲಿಷಿನ 26 ಅಕ್ಷರಗಳಲ್ಲಿ ಪ್ರತಿಯೊಂದನ್ನೂ 13 ಸ್ಥಾನ ಮುಂದಕ್ಕೆ ಸರಿಸಿದರೆ ಬರಹ ಮರೆಯಾಗುತ್ತದೆ. ಇನ್ನೊಮ್ಮೆ 13 ಸರಿಸಿದರೆ ಒಟ್ಟು 26, ಎಂದರೆ ಹೊರಟಲ್ಲಿಗೇ ಬಂದೆವು. 1980ರ ದಶಕದ ಆರಂಭದಲ್ಲಿ ಗಣಕಗಳ ಮೂಲಕ ಪರಸ್ಪರ ಬರೆದುಕೊಳ್ಳುತ್ತಿದ್ದವರು ಒಗಟಿನ ಉತ್ತರಗಳಿಗೂ, ಕೆಲವರಿಗೆ ನೋವಾಗಬಹುದಾದ ಹಾಸ್ಯಗಳಿಗೂ ಈ ‘ರಾಟ್ 13’ ತೆರೆಯನ್ನು ಬಳಸಿದರು. ಮೂರು ಸ್ಥಾನ ಸರಿಸಿ ಬರೆಯುತ್ತಿದ್ದ ಜೂಲಿಯಸ್ ಸೀಸರನ ಉಪಾಯವೂ ಇದೇ ಜಾತಿಯದು. ಆದರೆ ಅವನು ಅದನ್ನು ಬೀಗವೆಂದು ಬಗೆದಿದ್ದನು. ಇವರು ತೆರೆಯೆಂದು ತಿಳಿದೇ ಬಳಸಿದರು.

ನಮ್ಮ ದೇಶದಲ್ಲಿ ಇಂಥ ಕನ್ನಡಿ ಬಹು ಹಿಂದೆಯೇ ಇತ್ತೆಂಬುದು ಸಂತೋಷದ ಸಂಗತಿ. ವಾತ್ಸ್ಯಾಯನನು ಹೇಳುವ 64 ಕಲೆಗಳಲ್ಲಿ ‘ಪ್ರಹೇಳಿಕಾ’, ಎಂದರೆ ಒಗಟು, ಒಂದು. ಮಾತನ್ನು ಮರೆಮಾಡುವ ‘ಮ್ಲೇಚ್ಛಿತ ವಿಕಲ್ಪ’ ಮತ್ತೊಂದು. ಇದನ್ನು ವಿವರಿಸುವಾಗ ಯಶೋಧರನೆಂಬ ವ್ಯಾಖ್ಯಾನಕಾರನು ‘ಮೂಲದೇವೀಯ’ವೆಂಬ ಕ್ರಮವನ್ನು ಕೊಡುತ್ತಾನೆ. ಅಕ್ಷರಗಳು ಜೋಡಿಜೋಡಿಯಾಗಿ ಸ್ಥಾನ ಬದಲಿಸಿಕೊಳ್ಳುತ್ತವೆ: ಅಕಾರಕ್ಕೆ ಕಕಾರ, ಖಕ್ಕೆ ಗ, ಘಕ್ಕೆ ಙ, ಚಕ್ಕೆ ಟ, ತಕ್ಕೆ ಪ, ಯಕ್ಕೆ ಶ, ರಕ್ಕೆ ಷ, ಲಕ್ಕೆ ಸ. ಎರಡು ಬಾರಿ ಬದಲಿಸಿದರೆ ಮೊದಲಿನಂತೆಯೇ! ನಮ್ಮ ಹುಡುಗಿಯರು ಆಟದಲ್ಲಿ ಪ್ರತಿ ಅಕ್ಷರಕ್ಕೂ ಮುಂದೆ ‘ಕ’ ಸೇರಿಸಿ ಆಡುವ ಕ-ಭಾಷೆಗಿಂತ ಇದು ಎಷ್ಟೋ ಹೆಚ್ಚು ಜಾಣತನದ್ದು.

ಪಂಚನಹಳ್ಳಿಯಿಂದ ಹಿಂದಿರುಗಿದ ಮೇಲೆ ನಾವು ಇದನ್ನು ಇಂದಿನ ಕನ್ನಡಕ್ಕೆ ಹೊಂದಿಸಲು ಕುಳಿತೆವು. ಜೋಡಿ ಮಾಡಬೇಕಾದರೆ ಒಟ್ಟು ಸಂಖ್ಯೆ ಸಮವಾಗಿರಬೇಕು. ವರ್ಗೀಯ ವ್ಯಂಜನಗಳು 25, ಬೆಸ. ಐದು ವರ್ಗಗಳೂ ಬೆಸ. ಆದರೆ ಅವರ್ಗೀಯಗಳು 9. ಕೂಡಿದರೆ 34, ಸರಿಯಾಗಿ 17 ಜೋಡಿ! ಸ್ವರವನ್ನೂ ವ್ಯಂಜನವನ್ನೂ ಜೋಡಿಸಿದರೆ ಕಾಗುಣಿತ ಕೆಡುವುದರಿಂದ ಕಕಾರವನ್ನು ಅಕಾರದಿಂದ ಬಿಡಿಸಿ ಹಕಾರದ ಜೊತೆಗಿಟ್ಟೆವು. ಒಂಟಿಯಾಗಿ ಉಳಿದ ವ, ಳಗಳನ್ನು ಪರಸ್ಪರ ಜೊತೆಮಾಡಿದೆವು. ಚವರ್ಗವು ಇಡಿಯಾಗಿ ಟವರ್ಗಕ್ಕೆ, ತವರ್ಗವು ಪವರ್ಗಕ್ಕೆ ಎದುರು. ಹೀಗೆ ದೊರೆತ ಕೋಷ್ಟಕ ಇದು:

ಕ ಖ ಘ ಚ ಛ ಜ ಝ ಞ ತ ಥ ದ ಧ ನ ಯ ರ ಲ ವ
ಹ ಗ ಙ ಟ ಠ ಡ ಢ ಣ ಪ ಫ ಬ ಭ ಮ ಶ ಷ ಸ ಳ

ಮೇಲಿನ ಅಕ್ಷರಕ್ಕೆ ಕೆಳಗಿನದು, ಕೆಳಗಿನದಕ್ಕೆ ಮೇಲಿನದು. ಕಾಗುಣಿತದ ಚಿಹ್ನೆ, ಒತ್ತಿನ ಸ್ಥಾನ, ಸೊನ್ನೆ, ಬಿಡಿಯಾದ ಸ್ವರ ಇವು ಬದಲಾಗುವುದಿಲ್ಲ. ‘ತೆಂಗಿನಕಾಯಿ’ ಎಂಬುದು ಈ ಕ್ರಮದಲ್ಲಿ ‘ಪೆಂಖಿಮಹಾಶಿ’ ಆಗುತ್ತದೆ. ಗಟ್ಟಿಯಾಗಿ ಓದಿದರೂ ಗುಟ್ಟು ಬಿಡದು. ಆದ್ದರಿಂದ ನಮ್ಮ ದೃಷ್ಟಿಹೀನ ವಿದ್ಯಾರ್ಥಿಗೂ ಇದು ನಿಜವಾದ ತೆರೆಯಾಯಿತು.

ಇದರಿಂದ ಗುಪ್ತಪತ್ರ ಬರೆಯಲು ಯಾರೂ ಹೊರಡದಿರಲಿ. ಕನ್ನಡದ ವಾಕ್ಯಗಳು ಬಹುಮಟ್ಟಿಗೆ ಕ್ರಿಯಾಪದದಲ್ಲಿ ಮುಗಿಯುತ್ತವೆ. ಮರೆಮಾಡಿದ ಪುಟದಲ್ಲಿ ವಾಕ್ಯಾಂತ್ಯದಲ್ಲೆಲ್ಲ ‘ಪ್ಪಬೆ’ ಎಂದು ಕಂಡರೆ ಅದು ‘ತ್ತದೆ’ ಇರಬೇಕೆಂದು ಚುರುಕಾದ ಹುಡುಗ ಊಹಿಸುತ್ತಾನೆ. ಅಲ್ಲಿಗೆ ಎರಡು ಜೋಡಿ ಕೈಗೆ ಸಿಕ್ಕಿತು. ಉಳಿದವು ಒಂದೊಂದಾಗಿ ಬರುತ್ತವೆ. ಅಕ್ಷರಗಳ ಬಳಕೆಯನ್ನು ಎಣಿಸಿ ಹೀಗೆ ಗುಪ್ತಲಿಪಿ ಬಿಡಿಸುವ ವಿದ್ಯೆಯನ್ನು ಒಂಬತ್ತನೆಯ ಶತಮಾನದಲ್ಲಿಯೇ ಬಾಗ್ದಾದಿನ ಅಲ್-ಕಿಂದಿ ಬರೆದಿಟ್ಟಿದ್ದಾನೆ.

ತೆರೆ ಹಾಕುವವನು ನೆನಪಿನಲ್ಲಿಡಬೇಕಾದ ಕೆಲವು ಮರ್ಯಾದೆಗಳು ಅನುಭವದಿಂದಲೇ ಹೊಳೆಯುತ್ತವೆ. ಒಳಗೇನಿದೆ ಎಂಬುದನ್ನು ತೆರೆಯ ಹೊರಗೆ ಬರೆಯಬೇಕು. ‘ನಾಲ್ಕನೆಯ ಲೆಕ್ಕದ ಸುಳಿವು’, ‘ಕಾದಂಬರಿಯ ಕೊನೆ’ ಎಂದಿಲ್ಲದೆ ಬರಿಯ ‘ಪೆಂಖಿ’ ಎಂದರೆ ತೆರೆಯಬೇಕೇ ಬೇಡವೇ ಎಂದು ಓದುಗ ಹೇಗೆ ನಿರ್ಣಯಿಸಿಯಾನು? ಆದರೆ ಆ ಹಣೆಬರಹವೇ ಗುಟ್ಟು ಬಿಡಬಾರದು. ‘ನಾಯಕ ಸತ್ತುದರ ಬಗ್ಗೆ’ ಎಂದು ಹೊರಗೆ ಬರೆದು ಒಳಗೆ ವಿವರ ಬಚ್ಚಿಟ್ಟವರನ್ನು ಕಂಡಿದ್ದೇವೆ. ಉತ್ತರ ‘ಏರುತ್ತದೆ’ ಅಥವಾ ‘ಇಳಿಯುತ್ತದೆ’ ಎಂಬ ಎರಡರಲ್ಲಿ ಒಂದಾಗಿದ್ದರೆ ನಮ್ಮ ಕೋಷ್ಟಕದಲ್ಲಿ ಮೊದಲ ಸ್ವರವೇ ಅದನ್ನು ಸಾರಿಬಿಡುತ್ತದೆ, ಪದದ ಉದ್ದವೂ ಸಾರುತ್ತದೆ. ಅಲ್ಲಿ ಮಾತನ್ನು ಬದಲಿಸಿ ಬರೆಯಬೇಕು. ಸುಳಿವನ್ನೂ ಉತ್ತರವನ್ನೂ ಒಂದೇ ತೆರೆಯ ಹಿಂದೆ ಇಡುವುದು ಉಚಿತವಲ್ಲ, ಸುಳಿವು ಸಾಕೆನ್ನುವವನಿಗೆ ಉತ್ತರ ಏಕೆ? ಇನ್ನು, ಬೈಗುಳವನ್ನು ತೆರೆಯ ಹಿಂದೆ ಬರೆದರೆ ಅದು ಬೈಗುಳವಲ್ಲದೆ ಹೋಗುವುದಿಲ್ಲ.

ಎಂದಿಗೂ ಮುಚ್ಚಬಾರದ ಸಂಗತಿಗಳೂ ಇವೆ. ಸಲ್ಫ್ಯೂರಿಕ್ ಆಮ್ಲವನ್ನು ತಿಳಿಮಾಡುವಾಗ ನೀರಿಗೆ ಆಮ್ಲವನ್ನು ಮೆಲ್ಲಮೆಲ್ಲಗೆ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ ಎಂಬುದನ್ನು ‘ಏಕೆ ಹೀಗೆ? ಯೋಚಿಸಿ, ಉತ್ತರ ಕಡೆಯ ಪುಟದಲ್ಲಿ’ ಎಂದು ಮುಚ್ಚಿಟ್ಟ ಕೈಬರಹದ ಟಿಪ್ಪಣಿಯೊಂದು ನಮ್ಮ ಕೈಗೆ ಬಂದಿತ್ತು. ಕಾರಣವನ್ನು ಬೇಕಾದರೆ ಮುಚ್ಚಲಿ. ಎಚ್ಚರಿಕೆ ಮಾತ್ರ ಮೊದಲ ಸಾಲಿನಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು. ಕಣ್ಣಿಗೆ ಆಮ್ಲ ಹಾರಿದ ಮೇಲೆ ಪುಟ ತಿರುವುವವರಾರು?

ತೆರೆ ಎಷ್ಟು ಕಾಲ ಇರಬೇಕೆಂಬುದಕ್ಕೆ ಒಂದೇ ಅಳತೆಯಿಲ್ಲ. ಗದಾಯುದ್ಧದಲ್ಲಿ ಬೀಳುವವನು ದುರ್ಯೋಧನನೆಂದು ಬಲ್ಲವರೇ ಬೆಳಗಾಗುವವರೆಗೆ ಕುಳಿತು ಯಕ್ಷಗಾನ ನೋಡುತ್ತಾರೆ. ಅಲ್ಲಿ ರಸವಿರುವುದು ಕೊನೆಯಲ್ಲಲ್ಲ. ಪತ್ತೇದಾರಿ ಕಥೆಯ ನ್ಯಾಯ ಬೇರೆ. ಲಂಡನ್ನಿನಲ್ಲಿ 1952ರಲ್ಲಿ ಆರಂಭವಾದ ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ನಾಟಕದ ಕಡೆಯಲ್ಲಿ, ಕೊಲೆಗಾರನ ಗುರುತನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಬೇಡಿಕೊಳ್ಳುವ ಸಂಪ್ರದಾಯವಿದೆ. ನಮ್ಮ ಬಾಲ್ಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯೊಂದನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದಾಗ ಮೊದಲ ಪುಟದಲ್ಲಿಯೇ ಯಾರೋ ಪೆನ್ಸಿಲಿನಿಂದ ಅಪರಾಧಿಯ ಹೆಸರು ಬರೆದಿದ್ದರು. ಆ ಪುಣ್ಯಾತ್ಮನನ್ನು ನಾವು ಇನ್ನೂ ಕ್ಷಮಿಸಿಲ್ಲ. ಪಂಚನಹಳ್ಳಿಯ ಬಾಲಕಿಯ ನೆನಪಾದಾಗ ಮಾತ್ರ ಕೋಪ ಸ್ವಲ್ಪ ಇಳಿಯುತ್ತದೆ.

ಆಕೆಗೆ ಕೋಷ್ಟಕವನ್ನು ಬರೆದು ಕಳಿಸಿದ್ದೇವೆ. ಈಗ ಅವಳು ಅಜ್ಜಿಯ ಒಗಟುಗಳನ್ನು ಒಂದೊಂದಾಗಿ ನಮಗೆ ಕಳಿಸುತ್ತಾಳೆ, ಕೆಳಗೆ ತೆರೆಯ ಹಿಂದಿನ ಉತ್ತರದೊಡನೆ. ನಾವು ಪ್ರತಿಯಾಗಿ ಕಳಿಸಿದ ಪ್ರಶ್ನೆಯನ್ನೇ ವಾಚಕರ ಮುಂದೆಯೂ ಇಡುತ್ತೇವೆ. ನೀರಿನ ಚಿಕ್ಕ ತೊಟ್ಟಿಯಲ್ಲಿ ಒಂದು ಬೋಗುಣಿ ತೇಲುತ್ತಿದೆ. ಬೋಗುಣಿಯೊಳಗೆ ಒಂದು ಕಲ್ಲಿದೆ. ತೊಟ್ಟಿಯ ಗೋಡೆಯ ಮೇಲೆ ನೀರಿನ ಮಟ್ಟವನ್ನು ಗುರುತುಮಾಡಿ, ಕಲ್ಲನ್ನು ಬೋಗುಣಿಯಿಂದ ತೆಗೆದು ನೀರಿಗೆ ಬಿಡಿರಿ. ಕಲ್ಲು ತಳ ಸೇರಿದ ಮೇಲೆ ಮಟ್ಟ ಮೊದಲಿಗಿಂತ ಹೆಚ್ಚುವುದೇ, ತಗ್ಗುವುದೇ, ಅಥವಾ ಇದ್ದಂತೆಯೇ ಇರುವುದೇ? ಮನೆಯಲ್ಲಿ ಮಾಡಿ ನೋಡಬಹುದು.

ಉತ್ತರ ಮತ್ತು ಕಾರಣ, ಬೇಕೆನಿಸಿದವರಿಗೆ: ಮೀಷಿಮ ನಚ್ಚ ಪಖ್ಖುಪ್ಪಬೆ. ನುವುಖಿಬ ಹಸ್ಸು ಪಮ್ಮ ಖಾಪ್ಷಬರ್ಚು ಮೀಷಮ್ಮು ನಾಪ್ಷ ಲಷಿಲುಪ್ಪಬೆ.